ಓದದೆ ಹಾಕಿದ ಸಹಿ

ತಂತಿ ಬಂದದ್ದು ೧೯೭೯ರ ಜುಲೈ ಹನ್ನೊಂದು, ಬುಧವಾರ. ನಾನು ತರಗತಿಯಲ್ಲಿ ಭತ್ತದ ನಾಟಿಯ ಪಾಠ ಹೇಳುತ್ತಿದ್ದೆ. ಶಾಲೆಯ ಸಿಪಾಯಿ ಈರಣ್ಣ ಬಾಗಿಲಿಗೆ ಬಂದು ನಿಂತ. ಎಂದೂ ಕೇಳದೆ ಒಳಗೆ ಬರುವವನು, ಅಂದು ನಿಂತೇ ಇದ್ದ.

"ಬಾರೋ, ಏನದು?"

"ಮಾಸ್ತರ, ನೀವs ಹೊರಗ ಬರ್ರಿ."

ಅವನು ತಂತಿಯನ್ನು ಒಡೆದು ಓದಿದ್ದನೆಂದು ಅವನ ಮುಖವೇ ಹೇಳಿತು. ಇಂಗ್ಲಿಷಿನ ನಾಲ್ಕೇ ಶಬ್ದಗಳು: ವಿಮಲಾ ತೀರಿಕೊಂಡಳು, ಕೂಡಲೇ ಹೊರಡಿ.

ಅವಳು ಮದ್ದೂರಿನ ಬಳಿ ತಮ್ಮನ ಮನೆಗೆ ಹೋಗಿ ಎಂಟು ದಿನವಾಗಿತ್ತು. ದಾದರಿನಲ್ಲಿ ರೈಲು ಹೊರಡುವಾಗ ಕಿಟಕಿಯಿಂದ ಕೂಗಿ ಹೇಳಿದ್ದಳು: "ಮೇಷ್ಟ್ರೇ, ಸಸಿ ಬಲಿಯೋಕೆ ಬಿಡಬೇಡಿ. ನಾನು ಬರೋದು ತಡವಾದ್ರೂ ನಾಟಿ ನಿಲ್ಲಿಸಬೇಡಿ!"

ಹೆಂಡತಿ ಗಂಡನಿಗೆ ಹೇಳಿಹೋಗುವ ಮಾತೇ ಅದು? ನಮ್ಮ ಮನೆಯಲ್ಲಿ ಪ್ರೀತಿ ಹಾಗೆಯೇ ಮಾತಾಡುತ್ತಿತ್ತು.

ನಾನು ಊರು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲವಂತೆ. ಮುಖವನ್ನು ನೋಡಲಾಗಲಿಲ್ಲ. ಮಣ್ಣನ್ನು ಮುಟ್ಟಿ ಬಂದೆ. ನನಗೆ ಈಗ ಐವತ್ತೇಳು ವರ್ಷ. ಈ ವಯಸ್ಸಿನಲ್ಲಿ ಪ್ರೇಮದ ಕಥೆ ಬರೆಯುತ್ತೇನೆಂದರೆ ನಗುವವರು ನಗಲಿ. ನಮ್ಮದು ಆರಂಭವಾದದ್ದೇ ತಡವಾಗಿ, ಬರೆಯುವುದೂ ತಡವಾಗಿದೆ.

೧೯೭೧ರ ಮಾತು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಕನ್ನಡ ಹೈಸ್ಕೂಲಿನಲ್ಲಿ ಆ ಜೂನ್‌ನಿಂದ, ಆಗ ಕೊನೆಯದಾಗಿದ್ದ ಹನ್ನೊಂದನೆಯ ತರಗತಿಗೆ ಕೃಷಿ ಎಂಬ ಹೊಸ ವಿಷಯ ಬಂತು. ಅದನ್ನು ತೆಗೆದುಕೊಂಡವರಿಗೆ ಬೀಜಗಣಿತ ಬೇಕಿರಲಿಲ್ಲ. ಕಟ್ಟಡದ ಕೆಲಸಕ್ಕೆಂದು ಬಿಜಾಪುರ, ಗುಲಬರ್ಗಾ ಕಡೆಯಿಂದ ಬಂದವರ ಮಕ್ಕಳು ಹದಿನಾಲ್ಕು ಮಂದಿ ಸೇರಿದರು. ಧಾರವಾಡದಲ್ಲಿ ಕೃಷಿ ಡಿಪ್ಲೊಮಾ ಮಾಡಿದ್ದ ನನ್ನನ್ನು ಅದಕ್ಕೆ ಮಾಸ್ತರನನ್ನಾಗಿ ಮಾಡಿದರು.

ಚಾಳಿನ ಜನ ನಕ್ಕರು. "ಮಾಸ್ತರ, ಫುಟ್‌ಪಾತಿನ್ಯಾಗ ಏನ್ ಬಿತ್ತೀರಿ? ಬೀಡಿ ತುಂಡಾ?"

ಶಾಲೆಯ ಹತ್ತಿರ ಹೋಟೆಲು ನಡೆಸುತ್ತಿದ್ದ ಪೂವಪ್ಪನವರು ಪುಣ್ಯಾತ್ಮರು. ಪವಾಯಿ ಕೆರೆಯ ಹಿಂದೆ ಇದ್ದ ತಮ್ಮ ಹದಿನೈದು ಗುಂಟೆ ತಗ್ಗು ಜಾಗವನ್ನು ಮಕ್ಕಳಿಗೆಂದು ಬಿಟ್ಟುಕೊಟ್ಟರು.

ವಿಜ್ಞಾನ, ಗಣಿತ ಎರಡನ್ನೂ ಹೇಳುತ್ತಿದ್ದ ವಿಮಲಾ ಟೀಚರ್‌ಗೆ ಆಗ ನಲವತ್ತೊಂದು. ಮದುವೆಯಾದ ಆರನೆಯ ತಿಂಗಳಿಗೆ ಗಂಡನನ್ನು ಕಳೆದುಕೊಂಡವರು. ನನ್ನ ಮೊದಲ ಹೆಂಡತಿ ಹೆರಿಗೆಯಲ್ಲಿ ಹೋಗಿ ಇಪ್ಪತ್ತೊಂದು ವರ್ಷವಾಗಿತ್ತು. ಮುಂಜಾನೆ ಲಿಂಗಪೂಜೆ, ಹಗಲು ಶಾಲೆ, ರಾತ್ರಿ ರೊಟ್ಟಿ ತಟ್ಟಿಕೊಂಡು ಉಣ್ಣುವುದು, ಇಷ್ಟೇ ನನ್ನ ಲೋಕ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು 'ಅಕ್ಕೋರ' ಎಂದು ಕರೆಯುತ್ತಿದ್ದೆ. ಅವರು ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು.

ನಮ್ಮ ಮೊದಲ ಮಾತೇ ಜಗಳವಾಯಿತು. ಸ್ಟಾಫ್‌ರೂಮಿನ ಮೇಜಿನ ಮೇಲೆ ನಾನು ಇಟ್ಟಿದ್ದ ಚೀಲವನ್ನು ಬಿಚ್ಚಿ, ಒಂದು ಹಿಡಿ ಬಿಳಿಜೋಳವನ್ನು ಅಂಗೈಯಲ್ಲಿ ಹರಡಿ ನೋಡಿದರು.

"ಇದು ನಿಮ್ಮ ಕಡೆ ಚಳಿಗೆ ಬೆಳೆಯೋ ಜೋಳ ಅಲ್ವೇ ಮೇಷ್ಟ್ರೇ? ಈ ಮಳೇಲಿ ಬಿತ್ತುತೀರಾ?"

"ನಮ್ಮ ಇಂಡಿ ತಾಲೂಕಿನ ಬೀಜ ಅದು, ಅಕ್ಕೋರ. ಹ್ಯಾಂಗಿದ್ರೂ ಬರ್ತದ. ಬೀಜಗಣಿತ ನೀವು ಹೇಳ್ರಿ, ಬೀಜ ನಾ ನೋಡ್ಕೋತೀನಿ."

ಅವರು ಕಾಳುಗಳನ್ನು ಒಂದೊಂದಾಗಿ ಚೀಲಕ್ಕೆ ಬೀಳಿಸಿದರು. ಕಣ್ಣು ನನ್ನ ಮೇಲೆಯೇ ಇತ್ತು; ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು.

"ಆಯ್ತಪ್ಪ. ಮುಂಬಯಿ ಮಳೆಗೆ ನೀವೇ ಹೇಳಿಬಿಡಿ, ಇಂಡಿ ತಾಲೂಕಿನ ಥರ ಬೀಳು ಅಂತ."

ಆ ನಗು ನನ್ನನ್ನು ಚುಚ್ಚಿತು. ನನ್ನೂರಿನ ಜೋಳವನ್ನು ಈ ನೆಲದಲ್ಲಿ ನಿಲ್ಲಿಸಿ ಈ ಅಕ್ಕೋರಿಗೆ ತೋರಿಸಬೇಕೆಂದು ಹಟ ಹುಟ್ಟಿತು. ಅದು ಅಹಂಕಾರವೆಂದು ಆಗ ತಿಳಿಯಲಿಲ್ಲ.

ಜುಲೈ ಇಪ್ಪತ್ನಾಲ್ಕು, ಶನಿವಾರ. ಒಂದು ವಾರದ ಮಳೆ ನಿಂತ ಮೇಲೆ ಮಕ್ಕಳನ್ನು ಕರೆದುಕೊಂಡು ಪವಾಯಿಗೆ ಹೋದೆ. ಅಕ್ಕೋರೂ ಬಂದಿದ್ದರು. ಹೊಲದಲ್ಲಿ ಪಾದ ಮುಳುಗುವ ನೀರು. ಗೇಣುದ್ದದ ಜೋಳ ಹಳದಿಯಾಗಿ ಮಲಗಿತ್ತು. ಒಂದು ಸಸಿಯನ್ನು ಹಿಡಿದು ಎತ್ತಿದೆ. ಬೇರು ಲೋಳೆಯಾಗಿ ಕೈಗೆ ಅಂಟಿತು.

ಗುರುಬಾಯಿ ಎಂಬ ಹುಡುಗಿ ಮೆಲ್ಲಗೆ ಕೇಳಿದಳು: "ಸರ್, ನಮ್ಮ ವರ್ಷ ಹೋತೇನ್ರಿ?"

ಆಗಸ್ಟ್ ಹದಿನಾರಕ್ಕೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಹೊಲದಲ್ಲಿ ಬೆಳೆ ನಿಂತಿರಬೇಕು, ಮಕ್ಕಳ ಪ್ರಾಕ್ಟಿಕಲ್ ವಹಿ ಸರಿಯಿರಬೇಕು. ಇಲ್ಲವಾದರೆ ವಿಷಯಕ್ಕೆ ಕೊಟ್ಟ ಅನುಮತಿ ರದ್ದು. ಗಣಿತ ಬಿಟ್ಟು ಬಂದ ಹದಿನಾಲ್ಕು ಮಕ್ಕಳು ಆ ಸಲ ಪರೀಕ್ಷೆಗೆ ಕೂರುವಂತಿರಲಿಲ್ಲ. ಗುರುಬಾಯಿಯ ತಂದೆ ಭೀಮರಾಯ ಸಿಮೆಂಟು ಹೊರುವವನು, ಅವನು ನನ್ನೆದುರೇ ಹೇಳಿದ್ದ: "ಪಾಸಾದ್ರ ನರ್ಸಿಂಗಿಗೆ ಕಳಸ್ತೀನ್ರಿ ಮಾಸ್ತರ. ಇಲ್ಲಾಂದ್ರ ಬರೂ ಚೈತ್ರದಾಗ ಮದಿವಿ. ಗಂಡು ಕೇಳಿ ಹೋಗ್ಯಾರ."

ನಾನು ಬದುವಿನ ಮೇಲೆ ಕುಸಿದು ಕೂತೆ. ಅಕ್ಕೋರು ಚುಚ್ಚು ಮಾತಾಡುತ್ತಾರೆಂದು ಕಾದೆ. ಆಡಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನೀರಿಗೆ ಇಳಿದೇಬಿಟ್ಟರು. ಕಾಲಿನಿಂದ ಕೆಸರನ್ನು ಒತ್ತಿ ನೋಡಿದರು.

"ಮೇಷ್ಟ್ರೇ, ಏಳಿ. ಇದು ಗದ್ದೆ. ಇದನ್ನ ಹೊಲ ಅಂದ್ಕೊಂಡಿದ್ದು ನಿಮ್ಮ ತಪ್ಪು. ನಾಳೆಯೊಳಗೆ ಭತ್ತದ ಸಸಿ ಸಿಕ್ರೆ ಇಪ್ಪತ್ತೆರಡು ದಿನಕ್ಕೆ ಹಸಿರಾಗಿ ನಿಲ್ಲುತ್ತೆ."

"ತಪ್ಪು ನಂದs ಖರೆ. ಸಸಿ ಎಲ್ಲಿಂದ ತರೂದ್ರಿ? ಇನ್ನ ಮಡಿ ಹಾಕಿದ್ರ..."

"ಮಡಿ ಹಾಕೋಕೆ ಟೈಮ್ ಇಲ್ಲ. ಮಿಕ್ಕಿದವರ ಹತ್ರ ಬೇಡೋದು. ನಮ್ಮೂರಲ್ಲಿ ನಾಟಿ ಮುಗಿದ ಮನೇಲಿ ಉಳಿದ ಸಸೀನ ಯಾರೂ ಇಲ್ಲ ಅನ್ನಲ್ಲ."

ಪಕ್ಕದ ಗದ್ದೆಯ ಮರಾಠಿ ಮುದುಕಿಯದು ಎಲ್ಲವೂ ಮುಗಿದಿತ್ತು. ಆದರೆ ಬದಲಾಪುರದ ಆಚೆ ತನ್ನ ನಾದಿನಿಯ ಮನೆಯಲ್ಲಿ ಉಳಿದಿರಬಹುದೆಂದಳು. ಮಕ್ಕಳನ್ನು ಮನೆಗೆ ಕಳಿಸಿ ನಾವಿಬ್ಬರೂ ಆಗಲೇ ಹೊರಟೆವು. ಕಿತ್ತ ಸಸಿ ಬಹಳ ಹೊತ್ತು ತಡೆಯದು, ಮರುದಿನ ನೆಡಲೇಬೇಕಿತ್ತು.

ನಾದಿನಿ ಒಳ್ಳೆಯವಳು. ನಲವತ್ತು ಕಟ್ಟು ಸಸಿ ಕೊಟ್ಟು, ಪ್ರತಿಯಾಗಿ ಒಂದು ತೆಂಗಿನಕಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಎರಡು ಗೋಣಿಯಲ್ಲಿ ತುಂಬಿ ಲೋಕಲ್‌ನ ಲಗೇಜ್ ಡಬ್ಬಿ ಹತ್ತಿದೆವು. ಕೆಳಗೆ ಮೀನಿನ ನೀರು, ಸುತ್ತ ಖಾಲಿ ಬುಟ್ಟಿಗಳು, ಬುಟ್ಟಿಗಳ ನಡುವೆ ನಾಲ್ವರು ಮೀನುಗಾರ ಹೆಂಗಸರು. ವೀರಶೈವನಾದ ನಾನು ಮೂಗು ಮುಚ್ಚಲೂ ಆಗದೆ, ಉಸಿರು ಬಿಡಲೂ ಆಗದೆ ನಿಂತಿದ್ದೆ. ಅಕ್ಕೋರಿಗೆ ಅದು ಗೊತ್ತಾಯಿತು. ಒಂದು ಕಟ್ಟು ಸಸಿ ತೆಗೆದು ನನ್ನ ಮುಖದ ಹತ್ತಿರ ಹಿಡಿದರು.

"ಇದರ ವಾಸನೆ ನೋಡಿ. ನಮ್ಮೂರು ಹೀಗಿರುತ್ತೆ."

ಹಸಿ ಹುಲ್ಲು, ಹಸಿ ಮಣ್ಣು. ಅದರ ಹಿಂದೆ ಅವರ ಕೈಯ ಗಾಜಿನ ಬಳೆ ಎರಡು, ರೈಲಿನ ಕುಲುಕಿಗೆ ಸಣ್ಣಗೆ ಸದ್ದು ಮಾಡುತ್ತಿದ್ದವು. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ವಾಸನೆ ನೋಡಿದೆ.

ಅವರಲ್ಲಿ ಮುದುಕಿಯೊಬ್ಬಳು ಕೇಳಿದಳು: "ಕಾಯ್ ಗೋ ಬಾಯಿ, ನವರಾ ಕಾ ತುಝಾ?" ಗಂಡನೇನೆ ನಿನಗೆ, ಎಂದು.

"ನಾಹೀ, ನಾಹೀ. ಮಾಸ್ತರ್ ಆಹೇತ್," ಎಂದರು ಅಕ್ಕೋರು, ಕಿವಿಯವರೆಗೆ ಕೆಂಪಾಗಿ.

ಮುದುಕಿ ನನ್ನ ಹೆಗಲ ಗೋಣಿಯನ್ನೂ ತೊಟ್ಟಿಕ್ಕುವ ಕೆಸರನ್ನೂ ನೋಡಿ ಉಳಿದವರಿಗೆ ಏನೋ ಹೇಳಿದಳು. ನಾಲ್ವರೂ ಬುಟ್ಟಿ ಬಡಿದು ನಕ್ಕರು.

"ಏನಂದ್ಲ್ರಿ?"

"ಏನಿಲ್ಲ."

"ಹೇಳ್ರಿ, ಅಕ್ಕೋರ."

ಅವರು ಹೊರಗೆ ನೋಡುತ್ತ ಹೇಳಿದರು: "ಇಷ್ಟು ಭಾರ ಹೊರೋ ಮಾಸ್ತರ್ ಎಲ್ಲೂ ಇರಲ್ಲವಂತೆ. ಗಂಡನೇ ಇರಬೇಕಂತೆ." ಸ್ವಲ್ಪ ತಡೆದು, ನನ್ನ ಕಡೆ ತಿರುಗದೆಯೇ, "ಮೇಷ್ಟ್ರೇ, ಈ 'ಅಕ್ಕೋರ' ಅನ್ನೋದು ಬಿಡ್ತೀರಾ? ನನಗೆ ಇರೋದು ಒಬ್ಬನೇ ತಮ್ಮ. ಅವನೇ ಸಾಕು."

ನನ್ನ ಬಾಯಿಂದ ಬೇರೊಂದು ಹೆಸರು ಹೊರಡಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ಕಾಂಜೂರಿನಲ್ಲಿ ಇಳಿಯುವವರೆಗೂ ಅವರನ್ನು ಏನೂ ಕರೆಯದೆ ಮಾತಾಡಿದೆ.

ಭಾನುವಾರ ನಾಟಿ. ಹದಿನಾಲ್ಕು ಮಕ್ಕಳು ಸಾಲಾಗಿ ನಿಂತರು. ನಾನು ಧೋತರವನ್ನು ಎತ್ತಿ ಕಟ್ಟಿ ಇಳಿದವನು, ಎರಡನೆಯ ಹೆಜ್ಜೆಗೇ ಕೂತುಬಿಟ್ಟೆ. ಮಕ್ಕಳು ಬಾಯಿ ಮುಚ್ಚಿಕೊಂಡರು. ಟೀಚರ್ ಮುಚ್ಚಿಕೊಳ್ಳಲಿಲ್ಲ.

"ಮೇಷ್ಟ್ರೇ, ಸಸಿ ನೆಡಬೇಕು, ನೀವೇ ನೆಟ್ಟುಕೊಂಡ್ರೆ ಹೇಗೆ?"

"ಈ ಮಣ್ಣಿಗೆ ಮಾನ ಮರ್ಯಾದಿ ಇಲ್ರಿ. ನಮ್ಮ ಎರಿಭೂಮಿ ಹಿಡದ್ರ ಹಿಡೀತದ, ಬಿಟ್ರ ಬಿಡ್ತದ."

"ಇದೂ ಹಿಡಿಯುತ್ತೆ. ನೀವು ಹಿಂದಕ್ಕೆ ನಡೀಬೇಕು ಅಷ್ಟೆ. ಎದುರು ನೋಡಿಕೊಂಡು ನಡೆದ್ರೆ ನೆಟ್ಟಿದ್ದನ್ನ ತುಳೀತೀರಿ."

ಅವರು ನನ್ನ ಕೈಯನ್ನು ಹಿಡಿದು ಸಸಿಯನ್ನು ಮೂರು ಬೆರಳಿನಲ್ಲಿ ಹೇಗೆ ಒತ್ತಬೇಕೆಂದು ತೋರಿಸಿದರು. ಕೆಸರಿನೊಳಗೆ ಎರಡು ಕೈಗಳು ಕಾಣುತ್ತಿರಲಿಲ್ಲ. ಕೈಬಿಡುವುದು ಯಾರ ಕೆಲಸವೆಂದು ಇಬ್ಬರಿಗೂ ಒಂದು ಗಳಿಗೆ ತಿಳಿಯಲಿಲ್ಲ. ಅವರ ಕೆನ್ನೆಯ ಮೇಲೆ ಕೆಸರಿನ ಒಂದು ಹನಿ ಒಣಗುತ್ತಿತ್ತು. ಒರೆಸಲು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಇರಲಿ ಎನಿಸಿತು.

ಬೆಳೆ ಹಿಡಿಯಿತು. ತೊಡಕು ವಹಿಯಲ್ಲಿ ಉಳಿದಿತ್ತು.

ಹೆಡ್‌ಮಾಸ್ತರ್ ಕೇಶವಮೂರ್ತಿಯವರು ನಮ್ಮಿಬ್ಬರನ್ನೂ ಕರೆದರು. "ಜೋಳದ ಪುಟಗಳನ್ನೆಲ್ಲ ಹರಿಸಿಬಿಡಿ, ಅಣವೀರಪ್ಪನವರೇ. ಜೂನ್ ಇಪ್ಪತ್ತಕ್ಕೆ ಮಕ್ಕಳೇ ಸಸಿಮಡಿ ಹಾಕಿದರು ಅಂತ ಹೊಸದಾಗಿ ಬರೆಸಿ. ತಂದು ನೆಟ್ಟದ್ದು ಅಂದ್ರೆ ಒಪ್ಪೋಲ್ಲ."

"ಆಗೂದಿಲ್ರಿ. ದಿನಾ ಲಿಂಗ ಹಿಡಿಯೂ ಕೈಯಿಂದ ಸುಳ್ಳಿಗೆ ಸಹಿ ಹಾಕೂದಿಲ್ಲ."

ಹೊರಗೆ ಬಂದಾಗ ಕಾರಿಡಾರಿನಲ್ಲಿ ವಿಮಲಾ ನನ್ನನ್ನು ತಡೆದರು. ಅವರನ್ನು ಅಷ್ಟು ಸಿಟ್ಟಿನಲ್ಲಿ ಎಂದೂ ನೋಡಿರಲಿಲ್ಲ.

"ತಪ್ಪು ಮಾಡಿದ್ದು ನೀವು. ಸತ್ಯ ಹೇಳಿ ಪುಣ್ಯ ಕಟ್ಟಿಕೊಳ್ಳೋರೂ ನೀವು. ಚೈತ್ರದಲ್ಲಿ ಮದುವೆಯಾಗಿ ಹೋಗೋಳು ಮಾತ್ರ ಗುರುಬಾಯಿ! ಇದು ಯಾವ ನ್ಯಾಯ ಮೇಷ್ಟ್ರೇ?"

ಆಮೇಲೆ ಹತ್ತು ದಿನ ನಾವು ಮಾತಾಡಲಿಲ್ಲ. ಸ್ಟಾಫ್‌ರೂಮಿನಲ್ಲಿ ಅವರು ಕಿಟಕಿಯ ಕಡೆ ಕೂತರೆ ನಾನು ಬಾಗಿಲ ಕಡೆ. ಚಹಾ ಬಂದರೆ ಅವರ ಕಪ್ಪು ಆರುವವರೆಗೂ ನನ್ನ ಕಪ್ಪೂ ಆರುತ್ತಿತ್ತು. ಪೂಜೆಗೆ ಕೂತರೆ ಕಣ್ಣ ಮುಂದೆ ಲಿಂಗ ನಿಲ್ಲುತ್ತಿರಲಿಲ್ಲ. ಆ ಹುಡುಗಿ ನಿಲ್ಲುತ್ತಿದ್ದಳು, ಅವಳ ಹಿಂದೆ ವಿಮಲಾ.

ಹನ್ನೊಂದನೆಯ ದಿನ ಸೋತೆ. ಹದಿನಾಲ್ಕು ವಹಿಗಳನ್ನೂ ಅವರ ಮೇಜಿನ ಮೇಲಿಟ್ಟೆ. "ಬರೆಸ್ರಿ. ಸಹಿ ಹಾಕ್ತೀನಿ."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ನನ್ನ ಕೈ ನಡುಗುತ್ತಿದ್ದುದನ್ನೂ ನೋಡಿದರು. ವಹಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು.

ಶನಿವಾರ ವಹಿಗಳು ಮರಳಿ ಬಂದವು. ಕೇಶವಮೂರ್ತಿಯವರು ಪಕ್ಕದಲ್ಲೇ ನಿಂತಿದ್ದರು. ವಿಮಲಾ ಇಷ್ಟೇ ಅಂದರು: "ಓದಿ ಸಹಿ ಮಾಡಿ, ಮೇಷ್ಟ್ರೇ."

ನಾನು ಓದಲಿಲ್ಲ. ಮಕ್ಕಳ ಕೈಯಿಂದ ಬರೆಸಿದ ಸುಳ್ಳನ್ನು ಕಣ್ಣಿನಿಂದ ನೋಡುವ ಧೈರ್ಯವಿರಲಿಲ್ಲ. ಪುಟ ಮಗುಚಿ, ಕೊನೆಯ ಗೆರೆಯ ಕೆಳಗೆ ಹದಿನಾಲ್ಕು ಸಲ ಅಣವೀರಪ್ಪ ಎಂದು ಬರೆದು, ಹೋಗಿ ಕೈ ತೊಳೆದುಕೊಂಡೆ.

ಸೋಮವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು. ಛತ್ರಿ ಹಿಡಿದು ಬದುವಿನ ಮೇಲೆ ನಿಂತು ಹಸಿರು ಗದ್ದೆ ನೋಡಿದರು. ನಂತರ ಗುರುಬಾಯಿಯ ವಹಿ ತೆಗೆದುಕೊಂಡು, ಪುಟ ತಿರುವುತ್ತಲೇ ಕೇಳಿದರು:

"ಸಸಿಮಡಿ ಯಾವಾಗ ಹಾಕಿದ್ರಿ, ಮಾಸ್ತರ?"

ವಿಮಲಾ ಹತ್ತು ಹೆಜ್ಜೆ ದೂರದಲ್ಲಿ ಮಕ್ಕಳ ಜೊತೆ ನಿಂತಿದ್ದರು. ಅವರು ಬರೆಸಿದ ಮಾತು ಸುಳ್ಳಾಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಜೂನ್ ಇಪ್ಪತ್ತಕ್ಕರಿ," ಎಂದೆ. "ಮಕ್ಕಳs ಹಾಕ್ಯಾರ."

ಸಾಹೇಬರ ಬೆರಳು ಪುಟದ ಮೇಲೆ ನಿಂತಿತು. ಕನ್ನಡಕವನ್ನು ಕೆಳಗಿಳಿಸಿ ನನ್ನನ್ನು ನೋಡಿದರು. ನಾನು ವಿಮಲಾರ ಕಡೆ ನೋಡಿದೆ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಬೇಡ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದರು. ಆದರೆ ಮಾತು ಹೊರಟುಹೋಗಿತ್ತು.

ಸಾಹೇಬರು ಗಟ್ಟಿಯಾಗಿ ಓದಿದರು: "ಜುಲೈ ಇಪ್ಪತ್ನಾಲ್ಕು. ಜೋಳ ಸತ್ತಿತು. ನಿಂತ ನೀರು ಐದು ಅಂಗುಲ. ಬೇರು ಕೊಳೆತಿದೆ, ಚಿತ್ರ ನೋಡಿ. ನಷ್ಟಕ್ಕೆ ಕಾರಣ: ಚಳಿಗಾಲದ ಬೀಜವನ್ನು ಮಳೆಗಾಲದಲ್ಲಿ, ತಗ್ಗಿನಲ್ಲಿ ಬಿತ್ತಿದ್ದು. ತಪ್ಪು ಮಾಸ್ತರರದು ಎಂದು ಮಾಸ್ತರರೇ ಹೇಳಿದರು. ಪರಿಹಾರ: ಬದಲಾಪುರದಿಂದ ಬೇಡಿ ತಂದ ಭತ್ತದ ಸಸಿ, ನಲವತ್ತು ಕಟ್ಟು."

ಕೆಳಗೆ ನನ್ನ ಸಹಿ ಇತ್ತು.

"ಇಲ್ಲಿ ಯಾರು ಸುಳ್ಳು ಹೇಳಾಕತ್ತಾರ?" ಸಾಹೇಬರ ದನಿ ಏರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ವಹಿಯೋ, ಮಾಸ್ತರೋ?"

ಹದಿನಾಲ್ಕು ಮಕ್ಕಳ ವರ್ಷವನ್ನು ಎರಡನೆಯ ಸಲ ನಾನೇ ಮುಳುಗಿಸಿದ್ದೆ.

ಮುಂದೆ ಬಂದವಳು ಗುರುಬಾಯಿ. "ವಹಿ ಖರೇ ಅದರಿ, ಸಾಹೇಬರ. ಮಾಸ್ತರ ನಮ್ಮ ಸಲುವಾಗಿ ಸುಳ್ಳು ಹೇಳ್ಯಾರ. ಅವರಿಗೆ ಹೇಳಾಕ ಬರೂದಿಲ್ಲ, ಅದಕ್ಕs ಸಿಕ್ಕಬಿದ್ದಾರ."

ಯಾರೋ ಒಬ್ಬ ಹುಡುಗ ಕಿಸಕ್ಕೆಂದ. ಸಾಹೇಬರು ನಗಲಿಲ್ಲ. ಗುರುಬಾಯಿಯನ್ನು ಗದ್ದೆಗೆ ಇಳಿಸಿ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಬೇರು ಏಕೆ ಕೊಳೆಯಿತು, ಭತ್ತ ನೀರಲ್ಲಿ ಏಕೆ ಕೊಳೆಯುವುದಿಲ್ಲ, ಸಸಿ ಎಷ್ಟು ಆಳ. ಅವಳು ಒಂದಕ್ಕೂ ತಡವರಿಸಲಿಲ್ಲ. ಉಳಿದ ಹದಿಮೂರು ವಹಿಗಳನ್ನೂ ನೋಡಿದರು.

ಕೊನೆಗೆ ಕೇಶವಮೂರ್ತಿಯವರಿಗೆ ಹೇಳಿದರು: "ಬೆಳೆದದ್ದು ಎಲ್ಲಾ ಸಾಲಿಯವರೂ ಬರೀತಾರ. ಸತ್ತದ್ದನ್ನ ಹಿಂಗ ಯಾರೂ ಬರದು ತೋರಿಸಿಲ್ಲ. ವಿಷಯ ನಡೀಲಿ." ನನ್ನ ಕಡೆ ತಿರುಗಿದರು. "ನಿಮಗ ಮಾತ್ರ ಮೆಮೊ ಬರ್ತದ, ಮಾಸ್ತರ."

"ಬರ್ಲಿ ಸಾಹೇಬರ," ಎಂದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ಶಿಕ್ಷೆಯನ್ನು ಒಪ್ಪಿದ್ದು ಅದೊಂದೇ ಸಲ.

ಎಲ್ಲರೂ ಹೋದ ಮೇಲೆ ಬದುವಿನ ಮೇಲೆ ಇಬ್ಬರೇ ಉಳಿದೆವು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ, ಎರಡೂ ಇತ್ತು.

"ಓದಿ ಸಹಿ ಮಾಡಿ ಅಂದಿದ್ನಲ್ಲ! ಹೆಡ್‌ಮಾಸ್ತರ್ ಎದುರಿಗೆ ಇನ್ನೇನು ಹೇಳೋಕಾಗ್ತಿತ್ತು? ಓದ್ಲಿಲ್ವಾ?"

"ಸುಳ್ಳು ಬರೆಸೀರಿ ಅಂತ ತಿಳಿದಿದ್ದೆ. ನೋಡಾಕ ಆಗಲಿಲ್ಲ."

"ಬರೆಸೋಣ ಅಂತಲೇ ತಗೊಂಡೆ. ನಿಮ್ಮ ಕೈ ನಡುಗ್ತಿತ್ತಲ್ಲ, ಅದು ಕಣ್ಣಿಂದ ಹೋಗ್ಲಿಲ್ಲ. ಸುಳ್ಳಿಲ್ಲದೆ ಮಕ್ಕಳನ್ನ ಉಳಿಸೋಕೆ ದಾರಿ ಇದೆಯಾ ಅಂತ ಎರಡು ದಿನ ಯೋಚನೆ ಮಾಡ್ದೆ. ಅಷ್ಟು ಮಾಡಿದ್ರೆ, ನೀವು ಇಲ್ಲಿ ಬಂದು..." ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾಕೆ ಹೇಳಿದ್ರಿ ಆ ಸುಳ್ಳನ್ನ? ನೀವು?"

"ನಿಮ್ಮ ಮಾತು ಬೀಳಬಾರದು ಅಂತ."

"ಲಿಂಗ ಹಿಡಿಯೋ ಕೈ ಅಂದ್ರಲ್ಲ ಅವತ್ತು?"

"ಕೈ ಲಿಂಗದ್ದs. ಬಾಯಿ ಇವತ್ತ ನಿಮ್ಮದಾಗಿತ್ತು... ವಿಮಲಾ."

ಗಾಳಿ ಬಂತು, ಸಸಿಗಳು ಒಂದೇ ಕಡೆಗೆ ಬಾಗಿದವು. ಅವರು ನನ್ನ ಅಂಗೈಯನ್ನು ತೆಗೆದುಕೊಂಡು, ಉಗುರಿನ ಸಂದಿಯಲ್ಲಿ ಉಳಿದಿದ್ದ ಮಣ್ಣನ್ನು ತಮ್ಮ ಉಗುರಿನಿಂದ ಮೆಲ್ಲಗೆ ತೆಗೆದರು.

"ಇನ್ನು ಮುಂದೆ ಏನೇ ಇದ್ರೂ ಓದಿ ಸಹಿ ಮಾಡಬೇಕು. ಗೊತ್ತಾಯ್ತಾ?"

ಮರುವರ್ಷ ಫೆಬ್ರುವರಿಯಲ್ಲಿ ಬಾಂದ್ರಾದ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಪ್ರತಿಯೊಂದು ಅಕ್ಷರವನ್ನೂ ಓದಿದೆ. ಗುಮಾಸ್ತ ಬೇಸತ್ತು ಹೋದ. ಅವಳು ಪಕ್ಕದಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆ ವರ್ಷ ಹದಿಮೂರು ಮಕ್ಕಳು ಪಾಸಾದರು. ಫೇಲಾದವನೊಬ್ಬ ಇಂಗ್ಲಿಷಿನಲ್ಲಿ ಫೇಲಾದ. ಗುರುಬಾಯಿ ಈಗ ಪರೇಲಿನಲ್ಲಿ ನರ್ಸು.

ತಂತಿ ಬಂದ ಹದಿಮೂರನೆಯ ದಿನ ಗುರುಬಾಯಿ ಬಂದಾಗ, ದಾದರಿನಲ್ಲಿ ವಿಮಲಾ ಕೂಗಿ ಹೇಳಿದ್ದನ್ನು ಅವಳಿಗೆ ಹೇಳಿದೆ. "ಸರ್, ಟೀಚರ್ ಹೇಳಿದ್ದು ಸಸಿ ಬಲಿಯಾಕ ಬಿಡಬ್ಯಾಡ್ರಿ ಅಂತ," ಎಂದಳು. ಕೈಹಿಡಿದು ಪವಾಯಿಗೆ ಕರೆದೊಯ್ದಳು. ಈ ವರ್ಷದ ಮಕ್ಕಳು ಸಾಲಾಗಿ ನಿಂತಿದ್ದರು. ನಾನು ಗದ್ದೆಗೆ ಇಳಿದು, ಮೂರು ಬೆರಳಿನಲ್ಲಿ ಸಸಿ ಒತ್ತುತ್ತ, ಅವಳು ಕಲಿಸಿದಂತೆ ಹಿಂದಕ್ಕೆ ನಡೆದೆ. ಬೀಳಲಿಲ್ಲ. ಬಿದ್ದಿದ್ದರೆ ನಗುವವಳು ಇರಲಿಲ್ಲ.

ಪರಶಿವನೇ, ಏಳು ವರ್ಷ ನನಗೆ ಕೊಟ್ಟ ಜೀವವನ್ನು ನೀನು ಮರಳಿ ತೆಗೆದುಕೊಂಡೆ. ಕೊಟ್ಟದ್ದೇ ಹೆಚ್ಚು, ದೂರುವುದಿಲ್ಲ. ಅವಳು ದಿನವೂ ದೀಪ ಹಚ್ಚಿ ಕರೆದ ರಂಗನಾಥನೂ ನೀನೇ ಎಂದು ನಂಬಿ ಬೇಡುತ್ತೇನೆ. ಕೊನೆಯ ಗಳಿಗೆಯಲ್ಲಿ ನಾನು ಅವಳ ಕೈ ಹಿಡಿಯಲಿಲ್ಲ, ನೀನು ಹಿಡಿದಿರು. ದಣಿದ ಅವಳ ಎದೆಗೆ ಇನ್ನು ನೋವು ಬಾರದಿರಲಿ. ಕೆಸರಿಗೆ ಅಂಜದ ಆ ಪಾದಗಳಿಗೆ ನಿನ್ನ ಅಂಗಳದಲ್ಲಿ ಮೆತ್ತನೆಯ ನೆಲ ಸಿಗಲಿ. ನನ್ನ ವಿಮಲಾಳ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ.